ಖಾಲಿ ಕುರ್ಚಿಯ ದನಿ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವನು ನಾನೇ. ಮೀಟರ್‌ನಲ್ಲಿ ಕಾಣದ್ದನ್ನು ನಂಬುವ ಜಾತಿಯವನಲ್ಲ. ಹಾಗಾಗಿ ನೀವು ನಂಬದಿದ್ದರೂ ಬೇಸರವಿಲ್ಲ.

ಪೆಟ್ರೋಕೆಮಿಕಲ್ ಪ್ಲಾಂಟ್‌ನಲ್ಲಿ ಆಪರೇಟರ್ ಆಗಿದ್ದ ನಾನು, ಮೊಬೈಲಿನಲ್ಲಿ ಪಾಠ ನೋಡಿಕೊಂಡೇ ಅಣುವಿಜ್ಞಾನ ಕಲಿತು ಅಣು ವಿದ್ಯುತ್ ಸ್ಥಾವರಕ್ಕೆ ಸೇರಿದೆ. ಕಂಟ್ರೋಲ್ ರೂಮಿನಲ್ಲಿ ಕೂರಲು ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು. ಒಮ್ಮೆ ಫೇಲಾಗಿದ್ದೆ. ಇನ್ನೊಮ್ಮೆ ಫೇಲಾದರೆ ಆ ಆಸೆ ಬಿಡಬೇಕಿತ್ತು. ನನ್ನ ತಪ್ಪು ಒಂದೇ. ಅಲ್ಲಿ ಮೇಲಿನವರು ಆದೇಶ ಕೊಟ್ಟರೆ ಅದನ್ನೇ ತಿರುಗಿ ಹೇಳಬೇಕು, ಅವರು "ಸರಿ" ಅನ್ನುವವರೆಗೆ ಸ್ವಿಚ್ ಮುಟ್ಟಬಾರದು. ಹಳೆ ಕೆಲಸದಲ್ಲಿ ವಾಸನೆ ಹಿಡಿದು, ಸದ್ದು ಕೇಳಿ, ಓಡಿಹೋಗಿ ವಾಲ್ವ್ ತಿರುಗಿಸಿ ರೂಢಿಯಾಗಿದ್ದ ನನ್ನ ಕೈ ಕಾಯುತ್ತಲೇ ಇರಲಿಲ್ಲ.

ರಜೆಗೆ ಸಾಸ್ವೆಹಳ್ಳಿಯ ಸೋದರತ್ತೆ ಮನೆಗೆ ಬಂದೆ. ಹಳೆ ಕ್ಯಾಲೆಂಡರ್‌ಗಳ ಬೆನ್ನಿಗೆ ಕಂಟ್ರೋಲ್ ರೂಮಿನ ಸ್ವಿಚ್ಚುಗಳ ಪ್ಯಾನೆಲ್ ಬರೆದು ಗೋಡೆಗೆ ಅಂಟಿಸಿದೆ. ಅತ್ತೆ ಕುರ್ಚಿಯಲ್ಲಿ ಕೂತು, ಅವರೆಕಾಯಿ ಸುಲಿಯುತ್ತಾ, ನಾನು ಬರೆದುಕೊಟ್ಟ ಆದೇಶಗಳನ್ನು ಓದುತ್ತಿದ್ದರು.

"ನಾನಿನ್ನೂ ಸರಿ ಅಂದೇ ಇಲ್ಲ, ಆಗ್ಲೇ ಒತ್ತೀಯಲ್ಲೋ! ಇಷ್ಟು ಅರ್ಜೆಂಟು ಸ್ನಾನ ಮಾಡಾಕೆ ಇದ್ದಿದ್ರೆ!"

ಒಂದು ಮಧ್ಯಾಹ್ನ ಅತ್ತೆ ಹೊನ್ನಾಳಿಗೆ ಹೊರಟರು. ನಾನು ಚಿಲಕ ಹಾಕಿಕೊಂಡು ಒಬ್ಬನೇ ಅಭ್ಯಾಸಕ್ಕೆ ನಿಂತೆ. "ಎರಡನೇ ಪಂಪ್ ಬಂದ್" ಎಂದು ಆದೇಶವನ್ನು ನೆನಪಿನಿಂದಲೇ ಹೇಳಿಕೊಂಡು ಬೆರಳು ಚಾಚಿದೆ.

"ತಡಿಯೋ! ಎರಡಲ್ಲ, ಮೂರು!"

ಅತ್ತೆಯದೇ ದನಿ, ಬೆನ್ನ ಹಿಂದಿನ ಕುರ್ಚಿಯಿಂದ. ತಿರುಗಿದರೆ ಯಾರೂ ಇಲ್ಲ. ಚಿಲಕ ಹಾಕಿದಂತೆಯೇ ಇತ್ತು. ಆದೇಶಗಳ ಹಾಳೆ ತೆಗೆದು ನೋಡಿದೆ. ಮೂರನೇ ಪಂಪ್ ಎಂದೇ ಬರೆದಿತ್ತು.

ಸಂಜೆ ಅತ್ತೆ ನಗುತ್ತಲೇ ಚೀಲ ಇಳಿಸಿದರು. "ಹೋಗುವಾಗ ಬಸ್ಸಿನಾಗೆ ಮಾನ ಹೋತಪ್ಪ. ತೂಕಡಿಸ್ತಾ ಕುಂತಿದ್ದೆ, ತಡಿಯೋ ಅಂತ ಜೋರಾಗಿ ಬಾಯಿಗೆ ಬಂದ್ಬಿಡ್ತು. ಡ್ರೈವರ್ ಬಸ್ಸೇ ನಿಲ್ಸಿದ! 'ಇಲ್ಲಿ ಸ್ಟಾಪೇ ಇಲ್ಲ ಕಣಮ್ಮಾ, ಹೊಲದಾಗೆ ಇಳೀತೀಯೇನು' ಅಂತ ಕಂಡಕ್ಟರ್ ನಗಾಡಿದ."

ನಡೆದದ್ದನ್ನು ಹೇಳಿದೆ. ಅತ್ತೆಯ ನಗು ನಿಂತಿತು. ಅವತ್ತು ಅವರು ಆ ಕುರ್ಚಿಯಲ್ಲಿ ಕೂರಲಿಲ್ಲ.

ಅಂದಿನಿಂದ ನನ್ನ ಕೈ ಕಾಯುವುದನ್ನು ಕಲಿಯಿತು. ಪರೀಕ್ಷೆಯಲ್ಲಿ ಪರೀಕ್ಷಕರು ಬೇಕೆಂದೇ "ಸರಿ" ಅನ್ನದೆ ಬಹಳ ಹೊತ್ತು ಸುಮ್ಮನಿದ್ದರು. ನಾನೂ ಅಲುಗಾಡಲಿಲ್ಲ. ಪಾಸಾದೆ! ಈಗ ಆ ಪ್ಯಾನೆಲ್ ಮುಂದೆ ಕೂರುವವನು ನಾನು, ಹೇಳಿಕೊಳ್ಳಲು ಹೆಮ್ಮೆಯೇ. ಅತ್ತೆಗೆ ನನಗಿಂತ ಹೆಚ್ಚು. "ಅವನಿಗೆ ಟ್ರೈನಿಂಗ್ ಕೊಟ್ಟೋಳೇ ನಾನು" ಎಂದು ಚನ್ನಗಿರಿ, ಜಗಳೂರಿನ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿದ್ದಾರೆ.

ಅವತ್ತು ಅದು ಹೇಗಾಯಿತು ಎಂದು ಮೊನ್ನೆ ಅವರನ್ನೇ ಕೇಳಿದೆ.

"ಅಣು ಒಡೆಯಾಕೆ ಕಲ್ತೋನು ನೀನು. ನೀನೇ ಹೇಳಪ್ಪ" ಅಂದರು.