ಕಣದಂಚಿನ ಬುಟ್ಟಿ

ತಾಯಿ ಬೆಕ್ಕನ್ನು ನಾಯಿಗಳು ಕೊಂದ ಮೇಲೆ ಉಳಿದದ್ದು ಒಂದೇ ಮರಿ, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಹೊತ್ತಿಗೆ ನಾನು ಸುಂಟಿಕೊಪ್ಪದ ಹತ್ತಿರ ಅಣ್ಣನ ತೋಟದ ಮನೆಗೆ ಹೋಗಿದ್ದೆ. ಮರಿಯನ್ನು ಬದುಕಿಸಲೇಬೇಕೆಂಬ ಹಟ ಅತ್ತಿಗೆಯದು. ಹಸುವಿನ ಹಾಲು ಆಗದು ಎಂದು ಫೋನಿನಲ್ಲಿ ಓದಿದ ನಾನು ಕುಶಾಲನಗರದಿಂದ ಬೆಕ್ಕಿನ ಮರಿಗಳಿಗೆಂದೇ ಮಾರುವ ಹಾಲಿನ ಪುಡಿ ತಂದೆ. ಅವಳು ಅದನ್ನು ಕಲಸಿ ಫಿಲ್ಲರಿನಲ್ಲಿ ತೊಟ್ಟು ತೊಟ್ಟಾಗಿ ಕುಡಿಸುತ್ತಿದ್ದಳು. ಬಿಸಿನೀರಿನಲ್ಲಿ ಅದ್ದಿದ ಹತ್ತಿಯಿಂದ ಹಿಂಬದಿ ಒರೆಸಿ ಉಚ್ಚೆ ಹೊಯ್ಯಿಸುತ್ತಿದ್ದಳು.

“ನಮ್ಮ ಮಕ್ಳಿಗೂ ಇಷ್ಟು ಬಾಣಂತನ ಆಗಿರ್ಲಿಲ್ಲ,” ಎಂದು ಅಣ್ಣ ಹಂಗಿಸಿದ. “ಪಿಎಚ್‌ಡಿ ಮಾಡ್ದೋನು ಬೇರೆ ಜೊತೆಗವ್ನೆ.”

“ನೀವು ಒಂದಿನ ಮಕ್ಳನ್ನ ಎತ್ಕೊಂಡಿದ್ರೆ ಗೊತ್ತಾಗೋದು,” ಎಂದಳು ಅತ್ತಿಗೆ.

ಚಳಿಗೆ ಅವಳು ಕಂಡುಕೊಂಡ ಉಪಾಯ ಕಾಫಿ ಬೆಳೆಯುವವರಿಗೆ ಮಾತ್ರ ಹೊಳೆಯುವಂಥದ್ದು. ಕಣದಲ್ಲಿ ಒಣಹಾಕಿದ ಕಾಫಿಯನ್ನು ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸಿದರೆ ಬಿಸಿಲಿನ ಕಾವು ಒಳಗೆ ಬಹಳ ಹೊತ್ತು ಉಳಿಯುತ್ತದೆ. ಹಗಲೆಲ್ಲ ಕಣದಂಚಿನಲ್ಲಿರುತ್ತಿದ್ದ ಮರಿಯ ಬುಟ್ಟಿಯನ್ನು ಅವಳು ಸಂಜೆ ಗುಡ್ಡೆಗೆ ಒತ್ತಿಟ್ಟು, ಗಾಳಿಗೆ ಸ್ವಲ್ಪ ಸಂದು ಬಿಟ್ಟು, ಹೊದಿಕೆಯೊಳಗೆ ಸೇರಿಸುತ್ತಿದ್ದಳು. ಮರಿಯ ಹೊಟ್ಟೆ ತುಂಬಿಕೊಂಡಿತು. ಒಂದು ಕಣ್ಣು ಸಣ್ಣಗೆ ಬಿರಿಯಿತು.

ಆಮೇಲೊಂದು ಮಧ್ಯಾಹ್ನ ಅಕಾಲದ ಮಳೆ ಬಂತು. ನೆಂದ ಕಾಫಿಗೆ ಬೂಷ್ಟು ಹಿಡಿಯುತ್ತದೆ. ಮೂವರೂ ಓಡಿ, ಗುಡ್ಡೆ ಎಳೆದು, ಟಾರ್ಪಾಲ್ ಹೊದಿಸಿ ಕಲ್ಲು ಹೇರಿದೆವು. ಮಳೆ ನಿಂತಾಗ ಬುಟ್ಟಿ ಕಣದ ನೀರು ಹರಿಯುವ ಮೂಲೆಯಲ್ಲಿತ್ತು. ಅತ್ತಿಗೆ ಮರಿಯನ್ನು ಸೆರಗಿನಲ್ಲಿ ಉಜ್ಜುತ್ತಾ ಒಲೆಯ ಮುಂದೆ ಕೂತಳು. ಕತ್ತಲಾಗುವ ಮೊದಲೇ ಅದು ಸತ್ತಿತು.

ಬುಟ್ಟಿಯನ್ನು ಇನ್ನೊಬ್ಬರು ಟಾರ್ಪಾಲಿನೊಳಗೆ ಸೇರಿಸಿದ್ದಾರೆ ಎಂದು ಮೂವರೂ ಅಂದುಕೊಂಡೆವು ಎಂಬುದು ಮನೆಯಲ್ಲಿ ಒಪ್ಪಿತವಾದ ಕಥೆ. ನನಗೆ ನೆನಪಿರುವುದು ಬೇರೆ: ಅತ್ತಿಗೆ “ಬುಟ್ಟಿ, ಬುಟ್ಟಿ” ಎಂದು ಕೂಗಿದ್ದು, ಅಣ್ಣ “ಅದು ಸಾಯ್ಲಿ, ಟಾರ್ಪಾಲ್ ಹಿಡಿ” ಎಂದದ್ದು. ರಾತ್ರಿ ಊಟದ ಹೊತ್ತಿಗೆ ಹಾಗೆಂದೇ ಹೇಳಿದೆ.

“ನಾನೆಲ್ಲಿ ಕೂಗ್ದೆ?” ಎಂದಳು ಅತ್ತಿಗೆ, ಅಣ್ಣನಿಗೆ ಸಾರು ಬಡಿಸುತ್ತಾ.

“ಓದಿದೋರಿಗೆ ಆಗ್ದೇ ಇದ್ದಿದ್ದೂ ನೆನಪಿರುತ್ತೆ,” ಎಂದು ಅಣ್ಣ ನಕ್ಕ.

ಇರಬಹುದು. ನೆನಪು ಸಾಕ್ಷಿಯಲ್ಲ ಎಂದು ತರಗತಿಯಲ್ಲಿ ಪಾಠ ಹೇಳುವವನು ನಾನೇ. ಅಣ್ಣನನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆ ಮಾತನ್ನು ಅವನ ಬಾಯಿಗೆ ನನ್ನ ಮನಸ್ಸೇ ತುರುಕಿರಲೂಬಹುದು. ಆದರೂ ಸುಮ್ಮನಿರಲಾಗಲಿಲ್ಲ. ಅವಳು ಒಬ್ಬಳೇ ಪಾತ್ರೆ ತೊಳೆಯುತ್ತಿದ್ದಾಗ ಹೋಗಿ, ಕೂಗಿದ್ದು ನಿಜವಲ್ಲವೇ ಎಂದು ಕೇಳಿದೆ.

ಅವಳು ನಲ್ಲಿ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ. “ಕೂಗ್ದೆ ಅಂದ್ರೆ ಮರಿ ಎದ್ದು ಬರುತ್ತಾ? ನೀವು ನಾಳೆ ಮೈಸೂರು ಬಸ್ ಹತ್ತಿ ಹೋಗ್ತೀರಿ. ನಾನು ಇಲ್ಲೇ ಇರ್ಬೇಕು.”