ಪಂಕ್ತಿಯಲ್ಲಿ ಮಡಚಿದ ಕಾಲು

ನಾನಿನ್ನೂ ಚಿಕ್ಕವನು, ದಾವಣಗೆರೆಯ ಆನೆಕೊಂಡದ ಮನೆಯಲ್ಲಿ ಬರಿಗಾಲಲ್ಲಿ ಓಡಾಡುತ್ತಿದ್ದ ಕಾಲ. ಒಂದು ದಿನ ರುಬ್ಬುವ ಗುಂಡು ಉರುಳಿ ನನ್ನ ಹೆಬ್ಬೆರಳ ಮೇಲೆ ಬಿತ್ತು. ಉಗುರು ಕಪ್ಪಾಗಿ ಉದುರಿತು. ಆಮೇಲೆ ಬಂದ ಉಗುರು ಹಳದಿಯಾಗಿ, ದಪ್ಪವಾಗಿ, ಒರಟಾಗಿ ಬೆಳೆಯಿತು. ಶಾಲೆಯ ಹುಡುಗರು ನನ್ನನ್ನು 'ಗೊರಸು' ಎಂದು ಕರೆಯತೊಡಗಿದರು. ಮನೆಯಲ್ಲಿ ಯಾರಿಗೂ ಹೇಳದೆ, ಹಿತ್ತಲಲ್ಲಿ ಕೂತು ಅಪ್ಪನ ಹಳೇ ಬ್ಲೇಡಿನಿಂದ ಅದನ್ನು ಕೆರೆಯುತ್ತಿದ್ದೆ. ರಕ್ತ ಬಂದರೆ ಮಣ್ಣು ಮೆತ್ತುತ್ತಿದ್ದೆ.

ಹರಿಹರದಲ್ಲಿ ಅತ್ತೆಯ ಮನೆಯ ಗೃಹಪ್ರವೇಶಕ್ಕೆ ಅಪ್ಪ, ಅಕ್ಕ, ನಾನು ಹೋದೆವು. ಊಟದ ಪಂಕ್ತಿಯಲ್ಲಿ ಬೆರಳು ಕಾಣದಂತೆ ಕಾಲು ಮಡಚಿ, ಅದರ ಮೇಲೇ ಕೂತೆ. ಹೋಳಿಗೆ, ತುಪ್ಪ, ಬಿಸಿ ಸಾರಿನ ಘಮ. ಹಿರಿಯರ ಊಟ ಮುಗಿಯುವಷ್ಟರಲ್ಲಿ ಕಾಲು ಜೋಮು ಹಿಡಿದಿತ್ತು. ಎದ್ದವನೇ ಮುಗ್ಗರಿಸಿದೆ. ನನ್ನ ಪಾದ ಪಕ್ಕದಲ್ಲಿ ಕೂತಿದ್ದ ಅಜ್ಜರೊಬ್ಬರ ಎಲೆಯಲ್ಲಿತ್ತು.

"ಅಯ್ಯ, ಆ ಉಗುರು ನೋಡ್ರಿ," ಎಂದು ಯಾರೋ ಅಂದರು. ಎಲ್ಲರ ಕಣ್ಣೂ ನನ್ನ ಹೆಬ್ಬೆರಳ ಮೇಲೆ. ಅಪ್ಪ ಅಜ್ಜರಿಗೆ ಕೈ ಮುಗಿದರು. "ಹೋಗ್ಲಿ ಬಿಡ್ರಿ, ಸಣ್ಣ ಹುಡುಗ," ಎಂದು ಅಜ್ಜರು ಎಲೆ ಸರಿಸಿದರು. ಮುಗಿದ ಆ ಕೈಗಳನ್ನು ನೋಡಿ ನನಗೆ ನೆಲದೊಳಗೆ ಇಳಿದುಹೋಗಬೇಕೆನಿಸಿತು.

ಅತ್ತೆಯ ಮನೆಯ ಹಿತ್ತಲಲ್ಲಿ ಅಪ್ಪನೇ ನನ್ನ ಕಾಲು ತೊಳೆದರು. ಬ್ಲೇಡಿನ ಗಾಯ ಕಂಡು ಕೈ ನಿಲ್ಲಿಸಿದರು.

"ನನ್ ಹತ್ರ ಹೇಳಾಕೂ ನಾಚಿಕಿ ಆತೇನೋ?"

ನಾನು ಬೆರಳನ್ನು ಅಂಗೈಯಿಂದ ಮುಚ್ಚಿಕೊಂಡೆ.

ಮರುದಿನ ದಾವಣಗೆರೆಯ ಡಾಕ್ಟರು ಬೆರಳನ್ನು ತಿರುಗಿಸಿ ನೋಡಿದರು. "ಪೆಟ್ಟು ಬಿದ್ದಿದ್ದಕ್ಕ ಹಿಂಗ ಬೆಳದೈತಿ. ಬ್ಲೇಡ್ ಬ್ಯಾಡ್ರಿ, ಕೀವು ಆಗ್ತೈತಿ. ಉಗುರುಬೆಚ್ಚನೆ ನೀರಾಗ ನೆನೆಸಿ, ಮೆತ್ತಗಾದ ಮ್ಯಾಲೆ ನೇರವಾಗಿ ಸ್ವಲ್ಪ ಸ್ವಲ್ಪನೇ ಕತ್ತರಿಸ್ರಿ. ಬೆರಳ ಸಂದಿ ಒಣಗಿರಬೇಕು." ಅಂದಿನಿಂದ ಸಂಜೆಯಾದರೆ ಅಕ್ಕ ನನ್ನ ಕಾಲನ್ನು ಬೋಗುಣಿಯಲ್ಲಿ ನೆನೆಸಿ, ಒರೆಸಿ, ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ನೋವು ಹೋಯಿತು, ಉಗುರು ಮಾತ್ರ ಪೂರ್ತಿ ಮೊದಲಿನಂತಾಗಲಿಲ್ಲ. ಆಮೇಲೆಯೂ ಎಷ್ಟೋ ಮದುವೆಗಳಲ್ಲಿ ನಾನು ಹೊಟ್ಟೆನೋವೆಂದು ಸುಳ್ಳು ಹೇಳಿ ಪಂಕ್ತಿಗೆ ಕೂರಲಿಲ್ಲ.

ಈಗ ನಾವಿರುವುದು ಅದೇ ಊರಿನ ಎಂ.ಸಿ.ಸಿ. ಬಡಾವಣೆಯಲ್ಲಿ. ಮೊನ್ನೆ ಮೊಮ್ಮಗ ಆಟದಿಂದ ಬಂದವನೇ ಕಾಲನ್ನು ಸೋಫಾದ ಮೇಲಿಟ್ಟು, "ಅಮ್ಮಾ, ಶೂ ಬಿಗಿಯಾಗಿ ಉಗುರು ದಪ್ಪ ಆಗೈತೆ, ನೋಡು," ಎಂದು ಮನೆಗೆಲ್ಲ ಕೇಳುವಂತೆ ಕರೆದ. ಬಂದಿದ್ದ ನೆಂಟರೂ ಬಗ್ಗಿ ನೋಡಿದರು. ಅವನಿಗೆ ಒಂದಿಷ್ಟೂ ಸಂಕೋಚವಿಲ್ಲ. ಸಂಜೆಯೊಳಗೆ ಅಗಲವಾದ ಹೊಸ ಶೂ ಬಂತು.

"ತಾತ, ನಿಂದೂ ತೋರ್ಸು," ಎಂದಳು ಮೊಮ್ಮಗಳು. ನೆಂಟರ ಮುಂದೆ ಪಂಚೆಯನ್ನು ಪಾದದವರೆಗೆ ಎಳೆದುಕೊಂಡೆ. ನನಗೆ ಈ ವಯಸ್ಸಲ್ಲೂ ಮುಖ ಬಿಸಿಯಾಯಿತು. ಅವಳು ನೆಲದ ಮೇಲೆ ಕೂತು ಕಾಯುತ್ತಿದ್ದಳು. ನೆಂಟರು ಹೊರಟ ಮೇಲೆ ಮೆಲ್ಲಗೆ ಕಾಲು ಚಾಚಿದೆ.