ಬಡಗಿ ವಾಂಡಿ ತೋರಿಸಿದ ಸಮಾಧಿಗಳು

ಸಿಯೆರಾ ಲಿಯೋನ್‌ನ ಪೂರ್ವದ ಅಂಚಿನ ಹಳ್ಳಿಗಳಿಗೆ, ಹೆಣ ಮುಟ್ಟಿದರೂ ಅಂಟಿ ಕೊಲ್ಲುವ ಆ ಜ್ವರ ನುಗ್ಗಿದಾಗ, ಕೆಲಸವಿಲ್ಲದೆ ಅಲೆಯುತ್ತಿದ್ದ ಹುಡುಗರನ್ನು ಹೆಣ ಹೂಳುವ ತಂಡಕ್ಕೆ ಸೇರಿಸಿಕೊಂಡರು. ವಾಂಡಿಯೂ ಸೇರಿದ. ಆಗ ಅವನಿಗೆ ಇಪ್ಪತ್ತೊಂದು. ಮೈತುಂಬ ಬಿಳಿ ಪ್ಲಾಸ್ಟಿಕ್ ಉಡುಪು, ಕಣ್ಣಿಗೆ ದಪ್ಪ ಕನ್ನಡಕ, ಬೆನ್ನಿಗೆ ಕ್ಲೋರಿನ್ ಡಬ್ಬ. ಏಳು ತಿಂಗಳು ಅದೇ ಕೆಲಸ. ಜ್ವರ ಇಳಿದ ಮೇಲೆ ಊರಿಗೆ ಬಂದರೆ, ಸೋದರಮಾವನ ಹೆಂಡತಿ ಅನ್ನ, ಮರಗೆಣಸಿನ ಎಲೆಯ ಸಾರು ಬಡಿಸಿದಳು. ಅವನು ಉಂಡ ತಟ್ಟೆಯನ್ನು ಕೋಲಿನಿಂದ ತಳ್ಳಿಕೊಂಡು ಹೋಗಿ ಹಿತ್ತಲಲ್ಲಿ ಹೂತಳು.

ಮರುವರ್ಷ ಹಳೆಯ ಕೋಕೋ ಗೋದಾಮಿನಲ್ಲಿ ಯುವಕರಿಗೆ ಕಸುಬು ಕಲಿಸುವ ಕೇಂದ್ರ ತೆರೆಯಿತು. ವಾಂಡಿ ಮರಗೆಲಸಕ್ಕೆ ಹೆಸರು ಕೊಟ್ಟ. ಉದ್ದನೆಯ ಗರಗಸಕ್ಕೆ ಎರಡು ಜೊತೆ ಕೈ ಬೇಕು. ಇನ್ನೊಂದು ತುದಿ ಹಿಡಿಯಲು ಜೊತೆಯವರಲ್ಲಿ ಒಬ್ಬರೂ ಬರಲಿಲ್ಲ. ಕೊನೆಗೆ ಕಲಿಸುವ ಮುದುಕ, ಹಿರಿಯನೆಂದು ಎಲ್ಲರೂ 'ಪಾ' ಎನ್ನುವ ಲಾನ್ಸಾನಾ, ತಾನೇ ಬಂದು ಹಿಡಿದ.

"ಪಾ, ನಿಮಗೆ ಭಯ ಇಲ್ವಾ?"

"ಇದೆ. ನೀನು ಎಲ್ಲಿ ಸೊಟ್ಟ ಕೊಯ್ತೀಯೋ ಅಂತ. ಎಳಿ, ಎಳಿ."

ಕೈ ಬೇಗ ಕುದುರಿತು. ಕಾಡಿದ್ದು ಅಳತೆ. ಮಂಚಕ್ಕೆಂದು ಆರಡಿ ಗುರುತು ಹಾಕಿದರೆ ಸಾಕು, ಹಲಗೆಯ ಮೇಲೆ ತಾನು ಹೂತ ಯಾರೋ ಮಲಗಿರುತ್ತಿದ್ದರು. ಹೆಚ್ಚಾಗಿ ಒಬ್ಬ ಮುದುಕಿ. ಅವಳನ್ನು ಗುಂಡಿಗೆ ಇಳಿಸುವಾಗ ಹಗ್ಗದ ಬೇಲಿಯಾಚೆಯಿಂದ ಮಗಳು ಕೂಗಿಕೊಂಡಿದ್ದಳು: "ಬಲಮಗ್ಗುಲಿಗೆ ತಿರುಗಿಸ್ರಪ್ಪಾ, ಅವ್ವನ ಮುಖ ಮೆಕ್ಕಾ ಕಡೆ ಬರ್ಲಿ." ಇನ್ನೂ ನಾಲ್ಕು ಮನೆ ಬಾಕಿ ಇದ್ದವು, ಮಳೆ ಬೇರೆ ಕವಿದಿತ್ತು. ತಂಡ ಮಣ್ಣೆಳೆದು ಹೊರಟಿತ್ತು. ಈಗ ಮಟಮಟ ಮಧ್ಯಾಹ್ನ, ಉಳಿಪೆಟ್ಟುಗಳ ಸದ್ದಿನ ನಡುವೆ ಆ ಕೂಗು ಕೇಳುತ್ತಿತ್ತು. ವಾಂಡಿ ಥಟ್ಟನೆ ತಿರುಗುತ್ತಿದ್ದ. ಪಕ್ಕದವರು ಇನ್ನೊಂದು ಮಾರು ದೂರ ಸರಿಯುತ್ತಿದ್ದರು.

ತರಬೇತಿ ಮುಗಿದಾಗ ಎಲ್ಲರ ಸಾಮಾನನ್ನೂ ಸಂತೆಯಲ್ಲಿಟ್ಟರು. ಬೆಂಚು, ಮಣೆ ಎಲ್ಲ ಖರ್ಚಾಗಿ ವಾಂಡಿಯ ಮಂಚ ಒಂದೇ ಉಳಿಯಿತು. ತಾಳೆ ಎಣ್ಣೆ ಮಾರುವವಳು ನಕ್ಕಳು. "ಇವನ ಮಂಚದಲ್ಲಿ ಮಲಗಿದೋರು ಮತ್ತೆ ಏಳ್ತಾರಾ?"

ಬಿಸಿಲು ಇಳಿಯುವಾಗ ಬೈಂಡು ಎಂಬ ಹೆಂಗಸು ಬಂದು ನಿಂತಳು. ಮಂಚ ನೋಡಲಿಲ್ಲ, ಅವನ ಕಣ್ಣನ್ನೇ ನೋಡಿದಳು. ಅಂದು ಬೇಲಿಯಾಚೆಯಿಂದ ಅವಳಿಗೆ ಕಂಡದ್ದು ಆ ಕಣ್ಣು ಮಾತ್ರ.

"ನಮ್ಮವ್ವನ್ನ ತಿರುಗಿಸಿದ್ಯಾ?"

ಹ್ಞೂಂ ಅನ್ನು ಎಂಬಂತೆ ಪಾ ಲಾನ್ಸಾನಾ ಹಿಂದಿನಿಂದ ಅವನ ಅಂಗಿ ಜಗ್ಗಿದ.

"ಇಲ್ಲಕ್ಕಾ. ತಂದ ಹಾಗೇ ಇಟ್ವಿ."

ಬೈಂಡು ತಲೆಬಟ್ಟೆ ಬಿಗಿದುಕೊಂಡಳು. "ಹ್ಞೂಂ ಅಂದಿದ್ರೆ ನಂಬ್ತಿದ್ದೆ" ಎಂದಷ್ಟೇ ಹೇಳಿ ಹೊರಟುಹೋದಳು.

ಶುಕ್ರವಾರ ಮತ್ತೆ ಬಂದಳು. "ನಡಿ, ಜಾಗ ತೋರ್ಸು."

ಹೆಣ ಹೂತಿದ್ದ ಬಯಲಿನ ಗುರುತಿನ ಗೂಟಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಎಲ್ಲೆಡೆ ಎದೆಮಟ್ಟದ ಹುಲ್ಲು. ವಾಂಡಿ ಬೂರುಗದ ಮರದಿಂದ ಮೂರನೆಯ ಸಾಲಿಗೆ ಸೀದಾ ನಡೆದು, ಹುಲ್ಲು ಸರಿಸಿ ನಿಂತ. "ಇಲ್ಲಿ. ತಲೆ ಈ ಕಡೆ."

ಬೈಂಡು ತಾಯಿಯ ಪಕ್ಕದ ನೆಲದಲ್ಲಿ ಬಲಮಗ್ಗುಲಾಗಿ ಮಲಗಿದಳು. "ಹಿಂಗೆ, ಅವ್ವಾ," ಎಂದಳು, ಮಗುವಿಗೆ ಹೇಳಿಕೊಡುವ ಹಾಗೆ. "ಹಿಂಗೆ ತಿರುಗು." ವಾಂಡಿಗೆ ಓಡಿಹೋಗಬೇಕೆನಿಸಿತು. ಅವಳ ಮುಖದ ಮೇಲೆ ಬಾಗುತ್ತಿದ್ದ ಹುಲ್ಲನ್ನು ಹಿಡಿದು ನಿಂತ.

ತಾಯಿಯ ಹೆಸರಲ್ಲಿ ಹಾಕಬೇಕಿದ್ದ, ತಡವಾಗಿದ್ದ ನಲವತ್ತನೇ ದಿನದ ಊಟವನ್ನು ಅವಳು ಆ ತಿಂಗಳಲ್ಲೇ ಮಾಡಿದಳು. ಊರವರೆದುರು ವಾಂಡಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾನು ಉಣ್ಣುತ್ತಿದ್ದ ಬೋಗುಣಿಗೇ ಅವನ ಕೈ ಹಾಕಿಸಿದಳು. ಅಂದಿನಿಂದ ಒಂದೊಂದಾಗಿ ಬಾಗಿಲು, ಕಿಟಕಿಗಳ ಕೆಲಸ ಬಂತು. ಮಂಚ ಮಾಡಿಸಲು ಮಾತ್ರ ಇಂದಿಗೂ ಯಾರೂ ಅವನ ಬಳಿ ಬರುವುದಿಲ್ಲ. ಅವನೂ ಕೇಳುವುದಿಲ್ಲ.

ಆದರೆ ಪ್ರತಿ ಶುಕ್ರವಾರ ಅವನ ಚಪ್ಪರದ ಮುಂದೆ ಜನ ಕಾದಿರುತ್ತಾರೆ. ನದಿಯಾಚೆಯಿಂದಲೂ ಬರುತ್ತಾರೆ. ಗಂಡ ಎಲ್ಲಿ, ತಂಗಿ ಎಲ್ಲಿ. ಉಳಿ ಕೆಳಗಿಟ್ಟು ಅವನು ಮುಂದೆ ನಡೆಯುತ್ತಾನೆ, ಅವರು ಹಿಂದೆ. ಹೋದ ವಾರ ಕ್ಪಾನಾ ಎಂಬ ವೃದ್ಧ ಮೊಮ್ಮಗಳನ್ನು ಕೇಳಿಕೊಂಡು ಬಂದ. ವಾಂಡಿ ಇಡೀ ಬಯಲು ಎರಡು ಸುತ್ತು ತಿರುಗಿದ.

"ಗೊತ್ತಾಗ್ತಿಲ್ಲಜ್ಜಾ. ಆ ವಾರ ಮಕ್ಕಳು ಬಹಳ ಇದ್ವು."

ಕ್ಪಾನಾ ತಲೆಯಾಡಿಸಿದ. ತನ್ನ ಕಾಲ ಬಳಿಯಿದ್ದ ಒಂದು ಪುಟ್ಟ ಮಣ್ಣುದಿಬ್ಬದ ಹುಲ್ಲು ಕೀಳತೊಡಗಿದ. ಯಾರದೆಂದು ಕೇಳಲಿಲ್ಲ.